ಚೌತಿ, ಮೊಂತಿ, ಮಂಜಿ: ಬಂದರ್‌ನಲ್ಲಿ ನನ್ನೊಂದು ಗಮ್ಮತ್ತಿನ ವಾರ

ಹಿಂದೆ ಟಕಟಕ ಅಂತ ಒಂದು ಶಬ್ದ ಕೇಳ್ತಾ ಉಂಟಲ್ಲ, ಅದು ನಿಮ್ಮ ಇಯರ್‌ಫೋನ್ ಹಾಳಾದದ್ದಲ್ಲ. ನಮ್ಮ ಮನೆಯ ಹಿಂದೆ ನದಿ, ನದಿಯಲ್ಲಿ ಬೋಟು. ನಾನು ತೋಟ ಬೆಂಗ್ರೆಯವಳು. ಮಂಗಳೂರಿನವರಿಗೆ ಗೊತ್ತಿರ್ತದೆ, ಉಳಿದವರಿಗೆ ಹೇಳ್ತೇನೆ: ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ನದಿ, ನಡುವೆ ಉದ್ದಕ್ಕೆ ಒಂದು ಮರಳಿನ ಪಟ್ಟಿ. ಅದರ ತುದಿಯಲ್ಲಿ ಅಳಿವೆಬಾಗಿಲು, ನೇತ್ರಾವತಿ ಮತ್ತು ಫಲ್ಗುಣಿ ಎರಡೂ ಬಂದು ಸಮುದ್ರ ಸೇರುವ ಜಾಗ. ನಮ್ಮ ಎದುರಿಗೇ ಬಂದರ್. ಕೈ ಚಾಚಿದ್ರೆ ಸಿಗ್ತದೆ ಅನ್ನುವಷ್ಟು ಹತ್ತಿರ, ಆದ್ರೆ ರಸ್ತೆಯಲ್ಲಿ ಹೋಗುವುದಾದ್ರೆ ತಣ್ಣೀರುಬಾವಿ, ಪಣಂಬೂರು, ಕೂಳೂರು ಎಲ್ಲ ಸುತ್ತಬೇಕು. ಹಾಗಾಗಿ ನಾವು ಫೆರಿಯಲ್ಲಿ ದಾಟುವುದು. ಬೆಂಗಳೂರಿನ ನನ್ನ ಫ್ರೆಂಡ್ಸ್ ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆ ಸ್ಟೇಟಸ್ ಹಾಕುವಾಗ ನಾನು ಒಂದು ಕೊಕ್ಕರೆಯ ಫೋಟೋ ಹಾಕ್ತೇನೆ. ಅವರಿಗೆ ಕೋಪ ಬರ್ತದೆ.

"ನಿಮ್ಮ ಒಂದು ವಾರದ ಹೈಲೈಟ್ಸ್ ಹೇಳಿ" ಅಂತ ಈ ಪಾಡ್‌ಕಾಸ್ಟ್‌ನವರು ಕೇಳಿದಾಗ ನಗು ಬಂತು. ನಾನು ಟ್ರೆಕ್ಕಿಂಗ್ ಹೋಗುವವಳಲ್ಲ, ಪಬ್ಬಿಗೆ ಹೋಗುವವಳೂ ಅಲ್ಲ. ಬಂದರ್‌ನ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಬಿ.ಕಾಂ. ಮುಗಿಸಿ ಎಂಟು ತಿಂಗಳು ಆಯ್ತು ಸೇರಿ. ಆದ್ರೆ ಈ ಸೆಪ್ಟೆಂಬರ್ 2ರಿಂದ 8ರವರೆಗಿನ ವಾರ ಉಂಟಲ್ಲ, ಅದರಲ್ಲಿ ಶನಿವಾರ ಚೌತಿ, ಭಾನುವಾರ ಮೊಂತಿ ಹಬ್ಬ, ಅದರ ಮುಂದಿನ ವಾರ ಕಳೆದ ಕೂಡ್ಲೆ 16ಕ್ಕೆ ಮೀಲಾದ್. ಬಂದರ್‌ನಲ್ಲಿ ಕಾಲು ಇಡ್ಲಿಕ್ಕೆ ಜಾಗ ಇರ್ಲಿಲ್ಲ. ಅದರ ಜೊತೆ ಶುಕ್ರವಾರ ನಮ್ಮ ಅಂಗಡಿಯ ರೈಟರು ರಿಟೈರ್ ಆಗುವವರಿದ್ರು. ಹಾಗಾಗಿ ಹೇಳ್ಲಿಕ್ಕೆ ಸ್ವಲ್ಪ ಉಂಟು.

ರೈಟರ್ ಅಂದ್ರೆ ಕಥೆ ಬರೆಯುವವರಲ್ಲ. ನಮ್ಮ ಕಡೆ ಅಂಗಡಿಯ ಗುಮಾಸ್ತರಿಗೆ ರೈಟರು ಅಂತ ಹೇಳುದು. ಇವರು ಕೊಂಕಣಿಯವರು, ಕಾರ್‌ಸ್ಟ್ರೀಟ್ ಹತ್ತಿರ ಮನೆ, ನಾವೆಲ್ಲ ಮಾಮ್ ಅಂತ ಕರೆಯೋದು. 1983ರಲ್ಲಿ ಸೇರಿದವರು. ನಲವತ್ತೊಂದು ವರ್ಷ ಅದೇ ಮೇಜು, ಅದೇ ಮರದ ಕುರ್ಚಿ, ಕುರ್ಚಿಯ ಮೇಲೆ ಅದೇ ದಿಂಬು. ದಿಂಬಿನ ಕವರ್ ಮಾತ್ರ ಬದಲಾಗಿದೆ ಅಂತ ಅವರೇ ಹೇಳ್ತಾರೆ. ಅಂಗಡಿಯ ಧಣಿ ಹಾಜಿಯವರು. ಅವರ ಮಗ ಎಂಬಿಎ ಮಾಡಿ ಎರಡು ವರ್ಷ ದುಬೈಯಲ್ಲಿದ್ದು ಈಗ ವಾಪಸ್ ಬಂದಿದ್ದಾರೆ. ನಾನು ಅವರಿಗೆ ಅಣ್ಣ ಅಂತಲೇ ಹೇಳೋದು. ಅಣ್ಣ ಬಂದ ಮೇಲೆ ಅಂಗಡಿಗೆ ಕಂಪ್ಯೂಟರ್ ಬಂತು, ಟ್ಯಾಲಿ ಬಂತು, ಟ್ಯಾಲಿಯ ಹಿಂದೆ ನಾನು ಬಂದೆ.

ಬಂದರ್‌ನ ಬಗ್ಗೆ ಒಂದು ಮಾತು ಹೇಳ್ಬೇಕು, ಇಲ್ಲದಿದ್ರೆ ಮುಂದಿನದ್ದು ಅರ್ಥ ಆಗುದಿಲ್ಲ. ಹೊರಗಿನವರಿಗೆ ಮಂಗಳೂರು ಬಂದರು ಅಂದ್ರೆ ಪಣಂಬೂರಿನ ದೊಡ್ಡ ಬಂದರು, ಕಲ್ಲಿದ್ದಲು, ಗ್ಯಾಸು, ಕ್ರೂಸ್ ಹಡಗು. ಅದು ಶುರುವಾದದ್ದು 1975ರಲ್ಲಿ. ಅದಕ್ಕಿಂತ ಮೊದಲು ಎಲ್ಲ ಇಲ್ಲೇ, ಹಳೆ ಬಂದರಿನಲ್ಲಿ. ದೊಡ್ಡ ಹಡಗುಗಳು ಆಚೆ ಹೋದ್ಮೇಲೆ ಇಲ್ಲಿ ಮೂರು ಸಂಗತಿ ಉಳಿದದ್ದು: ಧಕ್ಕೆಯ ಮೀನು, ಹೋಲ್‌ಸೇಲ್ ಅಂಗಡಿಗಳು ಮತ್ತು ಮಂಜಿ. ಮೀನಿನ ಮಾಂಜಿ ಅಲ್ಲ ಮಾರಾಯ್ರೆ, ಅದಕ್ಕೆ ದೀರ್ಘ ಉಂಟು. ಇದು ಹ್ರಸ್ವದ ಮಂಜಿ, ಸಾಮಾನು ಸಾಗಿಸುವ ಹಡಗು. ಅಕ್ಕಿ, ನೀರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿಸಿಕೊಂಡು ಲಕ್ಷದ್ವೀಪಕ್ಕೆ ಹೋಗ್ತದೆ. ಬರುವಾಗ ಕೊಬ್ಬರಿ ತರ್ತದೆ.

ಮಾಮ್ ಒಂದು ಸಲ ಹೇಳಿದ್ದು ಕೇಳಿ ನಾನು ನಂಬಲೇ ಇಲ್ಲ, ಆಮೇಲೆ ಫೋನಲ್ಲಿ ಹುಡುಕಿ ನೋಡಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಐದು ದ್ವೀಪಗಳು 1956ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದವು. ನಮ್ಮದು ಆಗ ಸೌತ್ ಕೆನರಾ ಜಿಲ್ಲೆ. ಅಂದ್ರೆ ಸಮುದ್ರದ ನಡುವಿನ ಆ ಊರಿನವರಿಗೂ ಜಿಲ್ಲಾ ಕೇಂದ್ರ ಮಂಗಳೂರು. ರಾಜ್ಯಗಳ ಗಡಿ ಬದಲಾಯ್ತು, ಅಂಗಡಿಯ ಖಾತೆ ಬದಲಾಗ್ಲಿಲ್ಲ. ನಮ್ಮ ಅಂಗಡಿಯಲ್ಲಿ ದ್ವೀಪದವರದ್ದೇ ಹದಿನೇಳು ಖಾತೆ ಉಂಟು.

ಸೋಮವಾರ ನನಗೆ ಸಿಕ್ಕಿದ ಕೆಲಸ ಅದೇ. ಮಾಮ್ ಅವರ ಕೆಂಪು ಬೈಂಡಿನ ಖಾತೆ ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಶುಕ್ರವಾರದೊಳಗೆ ಟ್ಯಾಲಿಗೆ ಹಾಕಿ ಮುಗಿಸುವುದು. ಊರಿನ ಗಿರಾಕಿಗಳದ್ದು ಮೊದಲೇ ಹಾಕಿ ಆಗಿತ್ತು. ದ್ವೀಪದ್ದು ಮಾತ್ರ ಬಾಕಿ. ಮಾಮ್ ಅವರ ಕನ್ನಡ ಅಕ್ಷರ ಮುತ್ತಿನ ಹಾಗೆ, ಓದ್ಲಿಕ್ಕೆ ಏನೂ ಕಷ್ಟ ಇಲ್ಲ. ಸಂಜೆಗೆ ಹದಿನೇಳೂ ಹಾಕಿ ಮುಗಿಸಿದೆ. ಖುಷಿಯಲ್ಲಿ ಚಾ ಮತ್ತು ಎರಡು ಬನ್ಸ್ ತರಿಸಿ ತಿಂದೆ. (ಹೊರಗಿನವರಿಗೆ: ನಮ್ಮ ಬನ್ಸ್ ಬೇಕರಿಯದ್ದಲ್ಲ, ಬಾಳೆಹಣ್ಣು ಹಾಕಿ ಎಣ್ಣೆಯಲ್ಲಿ ಕರಿದದ್ದು. ಇದನ್ನು ಬೆಂಗಳೂರಿನಲ್ಲಿ ಪ್ರತಿಸಲ ವಿವರಿಸಿ ನನಗೆ ಬಚ್ಚಿ ಹೋಗಿದೆ.)

ಮಂಗಳವಾರ ಬೆಳಿಗ್ಗೆ ಕಿಲ್ತಾನಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಬಂತು. ಸೀಸನ್ನಿನ ಮೊದಲ ಮಂಜಿಗೆ ಸಾಮಾನು ಬೇಕು: ಹತ್ತು ಗೋಣಿ ಅಕ್ಕಿ, ನೀರುಳ್ಳಿ, ಬೆಲ್ಲ, ಬೇಳೆ. ನಾನು ಎಂಟ್ರಿ ಮಾಡ್ಲಿಕ್ಕೆ ಹೋದ್ರೆ ಖಾತೆ ಕೆಂಪು. ಯಾಕೆಂದ್ರೆ ಅಣ್ಣ ಒಂದು ರೂಲ್ ಮಾಡಿದ್ದಾರೆ, ತೊಂಬತ್ತು ದಿನ ದಾಟಿದ ಬಾಕಿ ಇದ್ದವರಿಗೆ ಮಾಲು ಇಲ್ಲ. ತಪ್ಪು ರೂಲ್ ಅಲ್ಲ. ಕಳೆದ ವರ್ಷ ಇಬ್ಬರು ಹೋಟೆಲ್‌ನವರು ಸಾಲ ಮಾಡಿ ಶಟರ್ ಎಳೆದು ಹೋಗಿದ್ರಂತೆ. ಕಿಲ್ತಾನಿನವರ ಕೊನೆಯ ಬಿಲ್ಲು ಮೇ 11ರದ್ದು. ಲೆಕ್ಕ ಹಾಕಿದ್ರೆ 115 ದಿನ. ಉಳಿದ ಖಾತೆ ನೋಡಿದೆ. ಹದಿನೇಳರಲ್ಲಿ ಹದಿನಾಲ್ಕು ಕೆಂಪು. ಕೆಂಪಾಗದ ಮೂರು ಯಾಕೆ ಆಗ್ಲಿಲ್ಲ ಅಂದ್ರೆ ಅವರ ಬಾಕಿಯೇ ಸೊನ್ನೆ.

ಅಣ್ಣನಿಗೆ ತೋರಿಸಿದೆ. "ನೋಡಿದ್ಯಾ, ಇಷ್ಟು ವರ್ಷ ಹೀಗೇ ನಡೀತಿತ್ತು" ಅಂದ್ರು. ಮಾಮ್ ತಲೆ ಎತ್ತದೆ ಬರೆಯುತ್ತಾ ಹೇಳಿದ್ರು, "ಕೊಡಿ, ಅವನು ಸರಿಯಾದ ಗಿರಾಕಿ." ಅಣ್ಣ "ಸರಿಯಾದವ ಅಂತ ಕಂಪ್ಯೂಟರಿಗೆ ಹೇಗೆ ಹೇಳುದು ಮಾಮ್?" ಅಂದ್ರು. ಕುಶಾಲಿಗೇ ಹೇಳಿದ್ದು. ಆದ್ರೆ ಮಾಮ್ ಪೆನ್ನು ಕೆಳಗೆ ಇಟ್ಟರು. ನಲವತ್ತೊಂದು ವರ್ಷದ ಮೇಲೆ, ಹೋಗ್ಲಿಕ್ಕೆ ಮೂರು ದಿನ ಇರುವಾಗ ಆ ಮಾತು ಬೇಕಿತ್ತಾ ಅಂತ ನನಗೆ ಅನ್ನಿಸ್ತು. ನಾನು ಸುಮ್ಮನೆ ಬೆಲ್ಲದ ಲಾರಿ ಬಂತಾ ನೋಡ್ತೇನೆ ಅಂತ ಹೊರಗೆ ಹೋದೆ.

ಹೊರಗೆ ಅಂದ್ರೆ ಅದೊಂದು ಬೇರೆ ಲೋಕ. ಚೌತಿಯ ವಾರದ ಬಂದರ್ ನೀವು ಒಮ್ಮೆ ಬಂದು ನೋಡ್ಬೇಕು. ಬೆಲ್ಲ, ಎಳ್ಳು, ಕಡ್ಲೆಬೇಳೆ, ಅರಳು, ಅವಲಕ್ಕಿ, ತೆಂಗಿನಕಾಯಿ, ಅಂದ್ರೆ ಗಣಪತಿಯ ಪಂಚಕಜ್ಜಾಯಕ್ಕೆ ಬೇಕಾದದ್ದೆಲ್ಲ ನಮ್ಮ ರಸ್ತೆಯಿಂದಲೇ ಊರಿಗೆಲ್ಲ ಹೋಗುವುದು. ಗೋಣಿ ಹೊತ್ತ ಹಮಾಲಿಗಳು ಬೊಬ್ಬೆ ಹಾಕ್ತಾ ಬರ್ತಾರೆ, ನಾವು ಗೋಡೆಗೆ ಅಂಟಿ ನಿಲ್ಲಬೇಕು. ಟೆಂಪೋದವನು ರಿವರ್ಸ್ ತೆಗೆಯುವಾಗ ನಾಲ್ಕು ಭಾಷೆಯಲ್ಲಿ ಬೈಗಳು ತಿಂತಾನೆ: ತುಳು, ಬ್ಯಾರಿ, ಕೊಂಕಣಿ, ಕನ್ನಡ. ಮದ್ರಸದ ಹುಡುಗರು ಮೀಲಾದಿಗೆ ದಫ್ ಪ್ರಾಕ್ಟೀಸ್ ಮಾಡುವ ಶಬ್ದ ಮಧ್ಯಾಹ್ನದ ಮೇಲೆ ಶುರು. ಅದರ ತಾಳಕ್ಕೆ ಸರಿಯಾಗಿ ಕೀ ಒತ್ತಿದ್ರೆ ಎಂಟ್ರಿ ಬೇಗ ಆಗ್ತದೆ, ನಾನು ಟ್ರೈ ಮಾಡಿದ್ದೇನೆ.

ಲಾರಿ ಬಂದಿರ್ಲಿಲ್ಲ. ಆದ್ರೆ ಹೊರಗೆ ನಿಂತದ್ದರಿಂದ ಒಂದು ಉಪಕಾರ ಆಯ್ತು. ಎದುರು ಧಕ್ಕೆ ಕಡೆ ಮಂಜಿಯೊಂದಕ್ಕೆ ಬಣ್ಣ ಬಳಿಯುತ್ತಾ ಇದ್ರು. ಮಳೆಗಾಲದಲ್ಲಿ ಮಂಜಿಗಳು ಹೊರಡುವ ಹಾಗಿಲ್ಲ, ಮೇ ಅರ್ಧದಿಂದ ಸೆಪ್ಟೆಂಬರ್ 15ರವರೆಗೆ ಬಂದ್. ನಮ್ಮ ಅಪ್ಪನ ಟ್ರಾಲ್ ಬೋಟಿಗೆ ಜೂನ್ ಮತ್ತು ಜುಲೈ 61 ದಿನ ರಜೆ, ಆಗಸ್ಟ್ 1ಕ್ಕೆ ಶುರು. ಮಂಜಿಗೆ ಅದಕ್ಕಿಂತ ಉದ್ದ ರಜೆ. ಆ ಬಣ್ಣ ನೋಡ್ತಾ ನಿಂತಾಗ ತಲೆಗೆ ಹೊಳೀತು. ನಾಲ್ಕು ತಿಂಗಳು ಮಂಜಿಯೇ ಇಲ್ಲದ ಊರಿನವರಿಗೆ ತೊಂಬತ್ತು ದಿನದ ಲೆಕ್ಕ ಹಾಕಿದ್ರೆ ಕೆಂಪು ಆಗದೆ ಇನ್ನೆಂತ ಆಗ್ತದೆ?

ನೀವು ಕೇಳಬಹುದು, ಗೂಗಲ್ ಪೇ ಮಾಡ್ಲಿಕ್ಕೆ ಆಗುದಿಲ್ವಾ ಅಂತ. ನಾನೂ ಮಾಮ್ ಹತ್ತಿರ ಅದನ್ನೇ ಕೇಳಿದೆ. ಇಂಟರ್ನೆಟ್ ಎಲ್ಲ ಉಂಟು, 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದ ಅಡಿಯ ಕೇಬಲ್ಲೂ ಉದ್ಘಾಟನೆ ಆಗಿದೆ. ಮಾಮ್ ಹೇಳಿದ್ರು, "ಕಳಿಸ್ಲಿಕ್ಕೆ ದಾರಿ ಉಂಟು. ಕಳಿಸುವ ದುಡ್ಡು ಎಲ್ಲಿಂದ ಬರ್ಬೇಕು? ಅವರ ದುಡ್ಡು ಕೊಬ್ಬರಿಯಲ್ಲಿ ಉಂಟು. ಕೊಬ್ಬರಿ ಮನೆಯಲ್ಲಿ ಉಂಟು. ಮಂಜಿ ಬಂದ್ರೆ ಕೊಬ್ಬರಿ ಹೊರಗೆ ಬರ್ತದೆ, ಆಮೇಲೆ ದುಡ್ಡು." ಮಳೆಗಾಲದಲ್ಲಿ ಅಲ್ಲಿ ಟ್ಯೂನಾ ಮೀನಿನ ಕೆಲಸವೂ ಕಮ್ಮಿ. ಅಂದ್ರೆ ನಮ್ಮ ಬಾಕಿಯೂ ಅವರ ಕೊಬ್ಬರಿಯೂ ಒಂದೇ ಹಡಗಿಗೆ ಕಾಯ್ತಾ ಇರುವುದು.

ಟ್ಯಾಲಿಯಲ್ಲಿ ಕ್ರೆಡಿಟ್ ಪೀರಿಯಡ್ ಅಂತ ಒಂದು ಕಡೆ ಉಂಟು. ಎಷ್ಟು ದಿನ ಅಂತಲೂ ಹಾಕಬಹುದು, ಯಾವ ತಾರೀಕು ಅಂತಲೂ ಹಾಕಬಹುದು. ದ್ವೀಪದವರ ಖಾತೆಗೆ ನಾನು ದಿನ ತೆಗೆದು ತಾರೀಕು ಹಾಕಿದೆ, ಸೆಪ್ಟೆಂಬರ್ 30. ಮೊದಲ ಮಂಜಿ ಹೋಗಿ ವಾಪಸ್ ಬರುವಷ್ಟು ಟೈಮ್. ಎಂಟರ್ ಒತ್ತಿದ ಕೂಡ್ಲೆ ಕೆಂಪೆಲ್ಲ ಹೋಯ್ತು. ಅಣ್ಣನನ್ನು ಕರೆದು ತೋರಿಸಿದೆ. ಅವರು ಒಂದು ನಿಮಿಷ ನೋಡಿ, "ಇದು ನನಗೆ ಹೊಳೀಬೇಕಿತ್ತು" ಅಂದ್ರು. ಮಾಮ್ ಹತ್ತಿರ ಹೋಗಿ "ಮಾಮ್, ಕಂಪ್ಯೂಟರಿಗೆ ಹೇಳಿ ಆಯ್ತು" ಅಂದ್ರು. ಮಾಮ್ ನಕ್ಕರು. ಅಲ್ಲಿಗೆ ಅದು ಮುಗೀತು ಅಂತ ನಾನು ಅಂದುಕೊಂಡೆ.

ಮುಗೀಲಿಲ್ಲ. ಒಂದು ಖಾತೆ ಕೆಂಪಾಗಿಯೇ ಉಳೀತು. ಅಮಿನಿಯವರದ್ದು. 38,600 ರೂಪಾಯಿ, ಕಳೆದ ವರ್ಷ ನವೆಂಬರಿನಿಂದ ಬಾಕಿ. ಮಂಜಿ ಓಡ್ತಿದ್ದಾಗಲೂ ಕೊಟ್ಟಿಲ್ಲ. ಇದಕ್ಕೆ ಮಳೆಗಾಲದ ಲೆಕ್ಕ ಹೇಳ್ಲಿಕ್ಕೆ ಆಗುದಿಲ್ಲ. ಮಾಮ್ ಪುಸ್ತಕ ತೆಗೆದು ನೋಡಿದಾಗ ಆ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಎರಡು ಚುಕ್ಕಿ, ಮೂರನೆಯದ್ದು ಒರೆಸಿದ ಗುರುತು. ಆಗ ಬೇರೆ ಹೆಸರುಗಳ ಪಕ್ಕವೂ ನೋಡಿದೆ. ಕೆಲವಕ್ಕೆ ಒಂದು ಚುಕ್ಕಿ, ಕೆಲವಕ್ಕೆ ಇಲ್ಲ. ಸೋಮವಾರ ಇಡೀ ದಿನ ಕಾಪಿ ಮಾಡುವಾಗ ನಾನು ಅದನ್ನು ಪೆನ್ಸಿಲ್ ತಾಗಿದ್ದು ಅಂತ ಅಂದುಕೊಂಡಿದ್ದೆ!

ಮಾಮ್ ಹೇಳಿದ್ದು ಇಷ್ಟು. ಒಂದು ಚುಕ್ಕಿ ಅಂದ್ರೆ ತಡ ಮಾಡ್ತಾನೆ, ಕೊಡ್ತಾನೆ. ಎರಡು ಅಂದ್ರೆ ಬಾಯಿ ಬಿಟ್ಟು ಕೇಳ್ಬೇಕು. ಮೂರು ಅಂದ್ರೆ ಹಾಜಿಯವರ ಕಿವಿಗೆ ಹಾಕ್ಬೇಕು. ಮೂರನೆಯದ್ದು ಒರೆಸಿದ್ದು ಯಾಕೆ ಅಂತ ಕೇಳಿದೆ. "ಹಾಕಿದೆ, ಆಮೇಲೆ ಮನಸ್ಸು ಬರ್ಲಿಲ್ಲ. ಅವನ ಅಪ್ಪ ಇದೇ ಅಂಗಡಿಯ ಗಿರಾಕಿ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನನಗೇ ಗೊತ್ತಾಗ್ಲಿಲ್ಲ. ನೀನೇ ನೋಡು" ಅಂದ್ರು. ಅದೇ ದಿನ ಅಮಿನಿಯಿಂದಲೂ ಆರ್ಡರ್ ಬಂದಿತ್ತು, ನಲವತ್ತು ಸಾವಿರದ ಹತ್ತಿರದ್ದು.

ನಿಜ ಹೇಳ್ಬೇಕಾದ್ರೆ ನನಗೆ ಹೊಟ್ಟೆಯೊಳಗೆ ಒಂಥರಾ ಆಯ್ತು. ಎಂಟು ತಿಂಗಳು ನಾನು ಮಾಡಿದ್ದು ಅವರು ಬರೆದದ್ದನ್ನು ಟೈಪ್ ಮಾಡುವ ಕೆಲಸ. ಇದು ಟೈಪ್ ಮಾಡುವುದಲ್ಲ. ಕೊಟ್ಟು ಅವನು ಮುಳುಗಿಸಿದ್ರೆ ಸುಮಾರು ಎಂಬತ್ತು ಸಾವಿರ, ನನ್ನ ನಾಲ್ಕು ತಿಂಗಳ ಸಂಬಳಕ್ಕಿಂತ ಜಾಸ್ತಿ. ಕೊಡದಿದ್ರೆ ಸೀಸನ್ನಿನ ಮೊದಲ ಮಂಜಿಯಲ್ಲಿ ಒಂದು ಮನೆಗೆ ಅಕ್ಕಿ ಇಲ್ಲ.

ಬುಧವಾರ ಫೋನ್ ಮಾಡಿದೆ, ಎತ್ತಲಿಲ್ಲ. ಅವತ್ತೇ ಇನ್ನೊಂದು ಅವಾಂತರ. ಉರ್ವ ಕಡೆಯ ಒಂದು ಗಣೇಶೋತ್ಸವ ಸಮಿತಿಗೆ ಐವತ್ತು ಕೆ.ಜಿ. ಬೆಲ್ಲ, ನಮ್ಮ ಹಳೆಯ ಗಿರಾಕಿ ಒಬ್ಬರು ಅಜ್ಜಿಯ ಮನೆಗೆ ಐದು ಕೆ.ಜಿ. ನಾನು ಚೀಟಿ ಅದಲು ಬದಲು ಅಂಟಿಸಿದೆ. ಮಧ್ಯಾಹ್ನ ಅಜ್ಜಿಯ ಫೋನು: "ನಮ್ಮಲ್ಲಿ ಗಣಪತಿ ಒಬ್ಬನೇ ಮಾರಾಯ್ತಿ, ಇಷ್ಟು ಬೆಲ್ಲ ಯಾರಿಗೆ?" ಸಮಿತಿಯವರ ಫೋನು ಇಷ್ಟು ಮರ್ಯಾದೆಯದ್ದಾಗಿರ್ಲಿಲ್ಲ. ಮಳೆಯಲ್ಲಿ ರಿಕ್ಷಾ ಮಾಡಿ ಎರಡು ಕಡೆ ಓಡಿದೆ. ಅಜ್ಜಿ ಮನೆಯಲ್ಲಿ ಕೂತು ಒಂದು ಲೋಟ ಕಷಾಯ ಕುಡಿದೇ ಬರಬೇಕಾಯ್ತು, ಸಮಿತಿಯವರು ಮೂರು ಸಲ ಕಾಲ್ ಮಾಡುವಷ್ಟರಲ್ಲಿ. ಅಂಗಡಿಗೆ ಬಂದಾಗ ಹಾಜಿಯವರು, "ಏನು ಮೋಳೆ, ಬೆಲ್ಲದ ಮೆರವಣಿಗೆ ಮುಗೀತಾ?" ಅಂತ ಕೇಳಿದ್ರು. ಮೋಳೆ ಅಂದ್ರೆ ಬ್ಯಾರಿಯಲ್ಲಿ ಮಗಳೇ ಅಂತ. ಬೈದದ್ದು ಅಷ್ಟೇ.

ಗುರುವಾರ ಮೂರನೇ ಸಲಕ್ಕೆ ಅಮಿನಿಯ ಫೋನ್ ಎತ್ತಿದ್ರು. ನನಗೆ ಬ್ಯಾರಿ ಬರ್ತದೆ, ಬ್ಯಾರಿ ಬಂದವರಿಗೆ ಅರ್ಧ ಮಲಯಾಳಂ ಬಂದ ಹಾಗೆ. ಅವರು ಮೊದಲು ಕೇಳಿದ್ದೇ "ರೈಟರ್ ಎಲ್ಲಿ?" ಅಂತ. ರಿಟೈರ್ ಆಗ್ತಾರೆ ಅಂದಾಗ ಫೋನಿನಲ್ಲಿ ಸುಮಾರು ಹೊತ್ತು ಶಬ್ದ ಇಲ್ಲ. ಲೈನ್ ಕಟ್ ಆಯ್ತು ಅಂತ ನಾನು ಹಲೋ ಹಲೋ ಅಂದೆ. ಆಮೇಲೆ ಅವರೇ ಹೇಳಿದ್ರು. ಮನೆ ಕಟ್ಟಲಿಕ್ಕೆ ಹೊರಟದ್ದು, ಸಿಮೆಂಟು ಜಲ್ಲಿ ಎಲ್ಲ ಕ್ಯಾಶ್ ಕೊಟ್ಟರೆ ಮಾತ್ರ ಸಿಗುವುದು, ಎಲ್ಲ ದುಡ್ಡು ಅಲ್ಲಿಗೆ ಹೋಯ್ತು, ಮಾಡು ಇನ್ನೂ ಅರ್ಧ. "ರೈಟರಿಗೆ ಮುಖ ತೋರಿಸ್ಲಿಕ್ಕೆ ನಾಚಿಕೆ ಆಯ್ತು, ಅದಕ್ಕೆ ಫೋನ್ ಎತ್ತಲಿಲ್ಲ." ಕೊಬ್ಬರಿ ಉಂಟು, ಮೊದಲ ಮಂಜಿ ವಾಪಸ್ ಬರುವಾಗ ಕಳಿಸ್ತೇನೆ ಅಂದ್ರು.

ಮಾತು ನಿಜ ಇರಬಹುದು, ಇಲ್ಲದೆಯೂ ಇರಬಹುದು. ಫೋನಿನಲ್ಲಿ ಹೇಗೆ ಗೊತ್ತಾಗ್ತದೆ? ನಾನು ಹೇಳಿದೆ, ಅಕ್ಕಿ ಮತ್ತು ಬೇಳೆ ಈಗ ಕಳಿಸ್ತೇನೆ, ಹನ್ನೆರಡು ಸಾವಿರದ್ದು. ಉಳಿದದ್ದು ಕೊಬ್ಬರಿ ನಮ್ಮ ಕೈಗೆ ಬಂದ ಮೇಲೆ. ಅವರು ಒಪ್ಪಿದ್ರು. ಸ್ವಲ್ಪ ಬೇಗವೇ ಒಪ್ಪಿದ್ರು ಅಂತ ನನಗೆ ಈಗಲೂ ಒಂದು ಸಣ್ಣ ಡೌಟು. ಅಣ್ಣನಿಗೆ ಹೇಳಿದಾಗ "ನಿನ್ನ ಮೇಲೆ ಬಿಟ್ಟದ್ದು" ಅಂದ್ರು. ಮಾಮ್ ಸರಿ ಅಂತಲೂ ಹೇಳ್ಲಿಲ್ಲ, ತಪ್ಪು ಅಂತಲೂ ಹೇಳ್ಲಿಲ್ಲ. "ಚುಕ್ಕಿ ಮಾತ್ರ ಅಳಿಸ್ಬೇಡ" ಅಂದ್ರು.

ಅವತ್ತು ರಾತ್ರಿ ಫೆರಿಯಲ್ಲಿ ಬರುವಾಗ ನನಗೆ ಕಾಲೇಜಿನಲ್ಲಿ ಓದಿದ ಒಂದು ಪುಸ್ತಕ ನೆನಪಾಯ್ತು, ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್', 1992ರದ್ದು. ಹನ್ನೆರಡನೇ ಶತಮಾನದಲ್ಲಿ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಹದಿನೇಳು ವರ್ಷದಷ್ಟು ಇದೇ ಮಂಗಳೂರಿನಲ್ಲಿದ್ದ. ಇಲ್ಲಿಂದ ಏಡನ್‌ಗೆ ಕರಿಮೆಣಸು, ಏಲಕ್ಕಿ, ಅಡಿಕೆ ಕಳಿಸ್ತಿದ್ದ. ಅಲ್ಲಿಂದ ಅವನಿಗೆ ಬರೆಯುವ ಕಾಗದ, ಸಕ್ಕರೆ, ದ್ರಾಕ್ಷಿ ಬರ್ತಿತ್ತು. ಬೊಮ್ಮ ಅಂತ ನಮ್ಮ ಕಡೆಯವನೊಬ್ಬ ಅವನ ಪರವಾಗಿ ಸಮುದ್ರ ದಾಟಿ ವ್ಯವಹಾರ ಮಾಡ್ತಿದ್ದ. ಇದೆಲ್ಲ ಗೊತ್ತಾದದ್ದು ಕೈರೋದ ಒಂದು ಸಿನಗಾಗ್‌ನ ಕೋಣೆಯಲ್ಲಿ ಉಳಿದ ಹಳೆ ಪತ್ರಗಳಿಂದ. ಆ ಪತ್ರಗಳಲ್ಲಿ ಒಂದು ರಗಳೆ ಮತ್ತೆ ಮತ್ತೆ ಬರ್ತದೆ: ಇಲ್ಲಿನವನೊಬ್ಬ ಏಲಕ್ಕಿ ಕೊಡ್ತೇನೆ ಅಂತ ಮುಂಗಡ ತಗೊಂಡಿದ್ದಾನೆ, ಏಲಕ್ಕಿ ಬಂದಿಲ್ಲ, ಏಡನ್‌ನವರು ಕೇಳ್ತಾನೇ ಇದ್ದಾರೆ. ಕಾಲೇಜಿನಲ್ಲಿ ಓದುವಾಗ ಆ ಭಾಗ ನಾನು ಬೋರ್ ಅಂತ ಹಾರಿಸಿದ್ದೆ. ಈಗ ಓದಿದ್ರೆ ಎಷ್ಟು ಚುಕ್ಕಿ ಹಾಕ್ಬೇಕು ಅಂತ ಯೋಚನೆ ಮಾಡ್ತೇನೆ.

ಶುಕ್ರವಾರ ಗೌರಿ ಹಬ್ಬ, ಮಾಮ್ ಅವರ ಕೊನೆಯ ದಿನ. ಭಾಷಣ ಬೇಡ, ಶಾಲು ಬೇಡ, ಹಾರ ಬೇಡ ಅಂತ ಒಂದು ವಾರದಿಂದ ಹೇಳ್ತಾ ಇದ್ರು. ಹಾಜಿಯವರು ಮಧ್ಯಾಹ್ನ ಜುಮಾ ನಮಾಜಿಗೆ ಹೋಗಿ ಬಂದವರು ಮಾಮ್ ಅವರ ಮೇಜಿನ ಎದುರು ಕುರ್ಚಿ ಹಾಕಿ ಕೂತ್ರು. ಇಬ್ಬರೂ ಎಂತದೂ ಮಾತಾಡ್ಲಿಲ್ಲ. ಒಬ್ಬರು ಪೇಪರ್ ಓದಿದ್ರು, ಇನ್ನೊಬ್ಬರು ಬಿಲ್ಲು ಕೂಡಿಸಿದ್ರು. ಸಂಜೆ ನಾವು ಹುಡುಗರೆಲ್ಲ ಸೇರಿ ಮಾಮ್ ಅವರನ್ನು ಎಳೆದುಕೊಂಡು ಹಂಪನಕಟ್ಟೆ ಕಡೆ ಐಡಿಯಲ್‌ಗೆ ಹೋದೆವು, ಗಡ್‌ಬಡ್ ತಿನ್ಲಿಕ್ಕೆ. ಹಮಾಲಿ ಅಣ್ಣಂದಿರು ಮೂರು ಜನ, ಅಣ್ಣ, ನಾನು, ಟೆಂಪೋದವನು. ಮಾಮ್ ಉದ್ದದ ಲೋಟದೊಳಗೆ ಚಮಚ ಹಾಕಿ ಹಾಕಿ ಕೊನೆಗೆ ಅಡಿಯ ಜೆಲ್ಲಿಗೆ ತಲುಪಿದಾಗ, "ಇದು ಯಾಕೆ ಕೊನೆಗೆ ಇಡ್ತಾರೆ, ಮೇಲೆ ಇಟ್ರೆ ಆಗುದಿಲ್ವಾ?" ಅಂತ ಕೇಳಿದ್ರು. ಯಾರಿಗೂ ಉತ್ತರ ಗೊತ್ತಿರ್ಲಿಲ್ಲ. ಬಿಲ್ಲು ಬಂದಾಗ ಅಭ್ಯಾಸ ಬಲ, ಕೈಗೆ ತಗೊಂಡು ಮನಸ್ಸಿನಲ್ಲೇ ಕೂಡಿಸಿ ನೋಡಿ ವಾಪಸ್ ಕೊಟ್ರು. ಸರಿ ಇತ್ತು. ಹೊರಗೆ ಬಂದು ರಿಕ್ಷಾ ಹತ್ತುವಾಗ ನನ್ನ ತಲೆ ಮುಟ್ಟಿದ್ರು. ನಾನು ಅಳುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ, ಹಾಗಾಗಿ ಮಳೆ ಬಂದದ್ದು ಒಳ್ಳೆಯದಾಯ್ತು.

ಶನಿವಾರದ ಬಗ್ಗೆ ಹೆಚ್ಚು ಹೇಳ್ಲಿಕ್ಕೆ ಇಲ್ಲ. ಚೌತಿ, ಮನೆಯಲ್ಲಿ ಮೂಡೆ, ಪಾಯಸ, ಮೀನು ಇಲ್ಲ. ಅಪ್ಪನ ಬೋಟು ಹಿಂದಿನ ರಾತ್ರಿಯೇ ಧಕ್ಕೆಗೆ ಬಂದಿತ್ತು. ಅಪ್ಪ ಇಡೀ ದಿನ ನಿದ್ದೆ ಮಾಡಿದ್ರು, ಊಟಕ್ಕೆ ಮಾತ್ರ ಎದ್ದರು. ನಾವು ಮನೆಯ ಬಾಗಿಲಿಗೆ ಕದಿರು ಕಟ್ಟುತ್ತೇವೆ. ಬೆಂಗ್ರೆಯ ಮರಳಿನಲ್ಲಿ ಗದ್ದೆ ಎಲ್ಲಿಂದ? ಸೆಂಟ್ರಲ್ ಮಾರ್ಕೆಟಿನಿಂದ ತಂದ ಕದಿರು. ಫೆರಿಯಲ್ಲಿ ಶುಕ್ರವಾರ ರಾತ್ರಿ ಎಲ್ಲರ ಕೈಯಲ್ಲೂ ಕಬ್ಬು. ಒಬ್ಬರು ತಿರುಗಿದ್ರೆ ಇನ್ನೊಬ್ಬರ ಕನ್ನಡಕಕ್ಕೆ ತಾಗ್ತಿತ್ತು. ಬೋಟಿನವನು "ಇದು ಫೆರಿಯಾ, ಕಬ್ಬಿನ ಗದ್ದೆಯಾ?" ಅಂತ ಕೇಳಿದ.

ಭಾನುವಾರ ಮೊಂತಿ ಹಬ್ಬಕ್ಕೆ ಕಾಲೇಜಿನ ಫ್ರೆಂಡ್ ಮನೆಗೆ ಹೋದೆ, ಬಂದರ್‌ನಿಂದ ನಡೆದೇ ಹೋಗಬಹುದು, ರೊಜಾರಿಯೊ ಚರ್ಚಿನ ಹತ್ತಿರ. 1568ರ ಇತಿಹಾಸ ಇರುವ ಇಗರ್ಜಿ ಅದು. ಒಂಬತ್ತು ದಿನದಿಂದ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ತಂದು ಹಾಕ್ತಾ ಇದ್ರು. ಅವತ್ತು ಪೂಜೆ ಮುಗಿದ ಮೇಲೆ ಆಶೀರ್ವಾದ ಮಾಡಿದ ತೆನೆ ಮತ್ತು ಎಲ್ಲ ಮಕ್ಕಳ ಕೈಗೆ ಒಂದೊಂದು ಕಬ್ಬು. ಫ್ರೆಂಡ್ ಮನೆಯಲ್ಲಿ ಬಾಳೆಲೆ ಊಟ, ಪೂರ್ತಿ ಸಸ್ಯಾಹಾರ. ವರ್ಷದಲ್ಲಿ ಈ ಒಂದು ದಿನ ಮಾತ್ರ ತನ್ನ ಅಪ್ಪ ಹಂದಿ ಮಾಂಸ ಕೇಳುದಿಲ್ಲ ಅಂತ ಅವಳು ನಗ್ತಾಳೆ. ಊಟಕ್ಕೆ ಮೊದಲು ಅವಳ ಅಜ್ಜ ತೆನೆಯ ಕಾಳು ಬಿಡಿಸಿ, ಪುಡಿ ಮಾಡಿ, ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಚಮಚ ಕೊಟ್ರು. ಮೊದಲು ಮನೆಯವರಿಗೆ, ಕೂಡ್ಲೆ ನನಗೂ. ಅವಳ ಅಣ್ಣ ಕುವೈಟಿನಲ್ಲಿದ್ದಾನೆ. ಅವನಿಗೆ ಒಂದು ಸಣ್ಣ ಕವರಿನಲ್ಲಿ ನಾಲ್ಕು ಕಾಳು ಹಾಕಿ ಅಂಟಿಸಿ ಇಟ್ರು, ಪೋಸ್ಟಿಗೆ. ಅವನು ವಿಡಿಯೋ ಕಾಲಿನಲ್ಲೇ ಕೂತಿದ್ದ. "ಅಜ್ಜಾ, ಕಾಲಿನಲ್ಲೇ ನೋಡಿದೆ ಅಲ್ವಾ, ಪೋಸ್ಟ್ ಎಂತಕ್ಕೆ?" ಅಂತ ಕೇಳಿದ. ಅಜ್ಜ ಫೋನಿನ ಕಡೆ ತಿರುಗಿ, "ನೋಡಿದ್ರೆ ಹೊಟ್ಟೆ ತುಂಬ್ತದಾ?" ಅಂದ್ರು. ನಾಲ್ಕು ಕಾಳಿನಿಂದಲೂ ತುಂಬುದಿಲ್ಲ, ಅದು ಬೇರೆ ವಿಷಯ.

ಇದನ್ನು ರೆಕಾರ್ಡ್ ಮಾಡ್ತಾ ಇರುವುದು ಸೋಮವಾರ ರಾತ್ರಿ. ಬೆಳಿಗ್ಗೆ ಅಂಗಡಿಗೆ ಹೋದಾಗ ಮಾಮ್ ಅವರ ಮೇಜು ಖಾಲಿ, ದಿಂಬು ಇಲ್ಲ. ಮೊಳೆಗೆ ನೇತಾಡ್ತಿದ್ದ ಕೊಡೆಯೂ ಇಲ್ಲ. ಶುಕ್ರವಾರ ಗಡ್‌ಬಡ್ ಗಡಿಬಿಡಿಯಲ್ಲಿ ಅದನ್ನು ಇಲ್ಲೇ ಬಿಟ್ಟು ಹೋಗಿದ್ರು. ಹಾಜಿಯವರು ಹೇಳಿದ್ರು, ಚೌತಿಯ ದಿನ ಸಂಜೆ ಬಂದಿದ್ರಂತೆ, ಪಂಚಕಜ್ಜಾಯದ ಡಬ್ಬಿ ಹಿಡ್ಕೊಂಡು. "ಕೊಡೆ ತಗೊಂಡು ಹೋಗ್ತೇನೆ ಅಂದ್ರು. ಒಂದೂವರೆ ಗಂಟೆ ಕೂತ್ರು." ಡಬ್ಬಿಯಲ್ಲಿ ನನ್ನ ಪಾಲು ಸ್ವಲ್ಪ ಉಳಿದಿತ್ತು. ಟೆಂಪೋದವನು ತಿಂದದ್ದು ಬಿಟ್ಟು.

ಅಮಿನಿಯ ಆರು ಗೋಣಿ ಕಟ್ಟಿ, ಮೇಲೆ ಹೆಸರು ಬರೆದು ಬಾಗಿಲ ಪಕ್ಕ ಇಡಿಸಿದ್ದೇನೆ. 16ಕ್ಕೆ ಮೀಲಾದ್, ಹಮಾಲಿಗಳು ಇರುದಿಲ್ಲ. ಹವಾಮಾನ ಸರಿ ಇದ್ರೆ 17ಕ್ಕೆ ಲೋಡಿಂಗ್. ಕೊಬ್ಬರಿ ಬಂತಾ ಇಲ್ವಾ ಅಂತ ಕೇಳುವವರು ತಿಂಗಳ ಕೊನೆಗೆ ಕೇಳಿ. ಸದ್ಯಕ್ಕೆ ಆ ಖಾತೆಯ ಪಕ್ಕ ಎರಡು ಚುಕ್ಕಿ ಉಂಟು. ಟ್ಯಾಲಿಯಲ್ಲಿ ಚುಕ್ಕಿ ಹಾಕ್ಲಿಕ್ಕೆ ಜಾಗ ಹುಡುಕ್ತಾ ಇದ್ದೇನೆ, ಗೊತ್ತಿದ್ದವರು ಹೇಳಿ. ಅಲ್ಲಿಯವರೆಗೆ ಪೆನ್ಸಿಲ್ ನನ್ನ ಹತ್ತಿರವೇ ಉಂಟು.